ಓದುಗರ ಪ್ರಶ್ನೆ: ಸ್ಟೇಜಲ್ಲಿ ಹುಲಿ, ಸಿನಿಮಾದಲ್ಲಿ ಇಲಿ ಯಾಕೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಗೋಳು. ಮೆಚ್ಚಿನ ಸ್ಟ್ಯಾಂಡಪ್ ಕಾಮಿಡಿಯನ್ ಹೀರೋ ಆದ, ಆಸೆಯಿಂದ ಸಿನಿಮಾಗೆ ಹೋದ್ವಿ, ನಗು ಬರ್ಲಿಲ್ಲ. ಯಾವ ಸಿನಿಮಾ ಅಂತ ಎಲ್ರೂ ಬರೆದಿದಾರೆ ಆದ್ರೆ ಹೆಸರು ಇಲ್ಲಿ ಹಾಕ್ತಾ ಇಲ್ಲ, ಯಾಕಂದ್ರೆ ಒಬ್ಬೊಬ್ರದ್ದು ಒಂದೊಂದು ಸಿನಿಮಾ, ಕಂಪ್ಲೇಂಟ್ ಮಾತ್ರ ಜೆರಾಕ್ಸ್. ಉದ್ದದ ಪತ್ರಕ್ಕೆ ಉದ್ದದ ಉತ್ತರ, ಚಿಕ್ಕದಕ್ಕೆ ಚಿಕ್ಕದು.

ಪ್ರಶ್ನೆ: ಸರ್, ಸಿಟ್ಟು ಬೇಜಾರು ಎರಡೂ ಸೇರ್ಕೊಂಡು ಬರೀತಾ ಇದ್ದೀನಿ, ಜಾಸ್ತಿ ಆದ್ರೆ ಕತ್ತರಿಸ್ಕೊಳ್ಳಿ. ಈ ಕಾಮಿಡಿಯನ್ ಯಾರು ಅಂತ ಯಾರಿಗೂ ಗೊತ್ತಿಲ್ಲದ ಕಾಲದಿಂದ ನಾನು ಅವನ ಫ್ಯಾನು, ಅವನ ಸ್ಪೆಷಲ್ (ರೆಕಾರ್ಡ್ ಮಾಡಿ ಬಿಟ್ಟ ಪೂರ್ತಿ ಶೋ) ನನಗೆ ಬಾಯಿಪಾಠ. ಅದ್ರಲ್ಲಿ ಒಂದು ಬಿಟ್, ಅಂದ್ರೆ ಜೋಕಿನ ತುಣುಕು, ಇದೆ, ಅವನ ಅಪ್ಪ ಕಸ್ಟಮರ್ ಕೇರ್‌ಗೆ ಫೋನ್ ಮಾಡೋದು. ಆ ಕಡೆ ಮಾತಾಡ್ತಿರೋದು ರೆಕಾರ್ಡ್ ಮಾಡಿರೋ ದನಿ ಅಂತ ಅಪ್ಪನಿಗೆ ಗೊತ್ತಿಲ್ಲ, ಅದು ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಅಂತಿದ್ರೆ ಇವರು ‘ಒಂದ್ನಿಮಿಷ ಇರಮ್ಮಾ, ಕನ್ನಡಕ ಹುಡುಕ್ತೀನಿ’ ಅಂತಾರೆ. ಅಷ್ಟು ಹೇಳಿ ಅವನು ಸ್ಟೇಜ್ ಮೇಲೆ ತುಟಿ ಪಿಟಕ್ ಅನ್ನದೆ ಜೇಬು ತಡಕ್ತಾ ನಿಲ್ತಾನೆ, ಹಾಲ್‌ಗೆ ಹಾಲೇ ಬಿದ್ದೂ ಬಿದ್ದೂ ನಗುತ್ತೆ. ಈಗ ಸಿನಿಮಾದಲ್ಲಿ ಅದೇ ಸೀನ್ ಇಟ್ಟಿದಾರೆ, ಅದೇ ಡೈಲಾಗು, ಅಪ್ಪನ ಪಾತ್ರಕ್ಕೆ ಒಳ್ಳೇ ನಟ, ದೊಡ್ಡ ಸೆಟ್ಟು. ಥಿಯೇಟರಲ್ಲಿ ಒಬ್ರೂ ನಗ್ಲಿಲ್ಲ, ನಾನೂ ನಗ್ಲಿಲ್ಲ. ಅದೇ ಜೋಕು, ಅದೇ ಮನುಷ್ಯ, ಎಲ್ಲಿ ಎಡವಟ್ಟಾಯ್ತು? ಉಳಿದ ಎರಡು ಗಂಟೆ ಬಗ್ಗೆ ಕೇಳ್ಲೇಬೇಡಿ, ಇವನು ಬಾಯಿ ಬಿಟ್ರೆ ಸಾಕು ಹೀರೋಯಿನ್ ನಗ್ತಾಳೆ, ಅದನ್ನ ನೋಡಿ ಇನ್ನೂ ಮೈ ಉರಿದೋಯ್ತು.

ಉತ್ತರ: ಆ ಕನ್ನಡಕದ ಬಿಟ್ ಬರೆದು ಒಳ್ಳೇದು ಮಾಡಿದ್ರಿ, ಅದೊಂದನ್ನೇ ಹಿಡ್ಕೊಂಡ್ರೆ ಪೂರ್ತಿ ವಿಷಯ ಬಿಡಿಸಿ ಹೇಳ್ಬಹುದು.

ಸ್ಟೇಜ್ ಮೇಲೆ ಆ ಅಪ್ಪ ಇರ್ಲೇ ಇಲ್ಲ. ಇದ್ದಿದ್ದು ಒಂದು ಮೈಕು, ಒಂದು ಸ್ಟೂಲು, ಒಂದು ನೀರಿನ ಬಾಟ್ಲಿ. ಅಪ್ಪನ್ನ ಕರ್ಕೊಂಡು ಬಂದಿದ್ದು ನೀವು. ಹಾಲಲ್ಲಿ ಕೂತಿದ್ದ ಒಬ್ಬೊಬ್ರೂ ಅವರವರ ಅಪ್ಪನ್ನೋ ಮಾವನ್ನೋ ತಂದು ಆ ಖಾಲಿ ಜಾಗದಲ್ಲಿ ನಿಲ್ಲಿಸ್ಕೊಂಡ್ರು, ಐನೂರು ಜನ ಇದ್ರೆ ಐನೂರು ಅಪ್ಪಂದಿರು, ಅದಕ್ಕೇ ಆ ನಗು ಅಷ್ಟು ಜೋರು. ಸಿನಿಮಾದಲ್ಲಿ ಆ ಜಾಗಕ್ಕೆ ಒಬ್ಬ ನಟನ್ನ ಕೂರಿಸಿದ ತಕ್ಷಣ ನಿಮ್ಮ ಅಪ್ಪ ಎದ್ದು ಹೋದ್ರು. ಈಗ ಅದು ಯಾರೋ ಒಬ್ಬ ವಯಸ್ಸಾದವ್ರು ಕನ್ನಡಕ ಹುಡುಕ್ತಿರೋದು, ಅಷ್ಟೇ. ನಟ ಒಳ್ಳೆಯವರಾದಷ್ಟೂ ಕಷ್ಟ ಜಾಸ್ತಿ, ಯಾಕಂದ್ರೆ ಅವರು ನಿಜವಾಗ್ಲೂ ಪರದಾಡೋ ಥರಾನೇ ಮಾಡ್ತಾರೆ, ನೋಡೋರಿಗೆ ಅಯ್ಯೋ ಪಾಪ ಅನಿಸುತ್ತೆ, ಪಾಪ ಅನಿಸಿದ ಮೇಲೆ ಎಲ್ಲಿಂದ ನಗು ಬರ್ಬೇಕು. ಸ್ಟೇಜ್ ಮೇಲೆ ಮಗನೇ ಅಪ್ಪನ ಅನುಕರಣೆ ಮಾಡ್ತಿದ್ದ, ಆ ಕೀಟಲೆಯಲ್ಲಿ ಒಂದು ಪ್ರೀತಿ ಇತ್ತು, ಅದೂ ಸೇರಿ ನಗು. ಅದನ್ನ ಇಬ್ರು ನಟರಿಗೆ ಹಂಚಿದ್ರೆ ಆ ಕೀಟಲೆ ಮಾಡೋನೇ ಮಾಯ.

ಇನ್ನು ಆ ಜೇಬು ತಡಕೋ ಮೌನ. ಸ್ಪೆಷಲ್‌ನಲ್ಲಿ ಅದು ಎಷ್ಟು ಸೆಕೆಂಡ್ ಇರ್ಬೇಕು ಅಂತ ಡಿಸೈಡ್ ಮಾಡಿದ್ದು ಅವನೊಬ್ಬನೇ ಅಲ್ಲ. ಎಡಗಡೆ ಜೇಬು ತಡಕಿದ, ನಕ್ಕರು, ಆ ನಗು ಇಳಿಯೋಕೆ ಶುರುವಾದಾಗ ಬಲಗಡೆ ಜೇಬಿಗೆ ಕೈ ಹಾಕಿದ, ಮತ್ತೆ ಏರಿತು. ಕೇಳಿಸ್ಕೊಂಡು ಕೇಳಿಸ್ಕೊಂಡು ಮಾಡಿದ್ದು ಅದು. ನೂರು ಶೋನಲ್ಲಿ ಹಾಗೆ ಕೇಳಿಸ್ಕೊಂಡಿರ್ತಾನೆ, ಯಾವ ಶೋನಲ್ಲಿ ಬಲಗಡೆ ಜೇಬು ಬೇಗ ಆಯ್ತು, ಯಾವುದ್ರಲ್ಲಿ ಲೇಟ್ ಆಯ್ತು ಅನ್ನೋದು ಅವನ ಮೈಯೊಳಗೇ ಕೂತಿರುತ್ತೆ. ಶೂಟಿಂಗ್‌ನಲ್ಲಿ ಕೇಳಿಸ್ಕೊಳ್ಳೋಕೆ ಏನಿದೆ? ಟೇಕ್ ಹೋಗ್ತಿರುವಾಗ ಯಾರೂ ನಗೋ ಹಾಗಿಲ್ಲ, ಸೌಂಡ್ ರೆಕಾರ್ಡ್ ಆಗುತ್ತೆ. ಲೈಟ್‌ನವ್ರು, ಕ್ಯಾಮೆರಾದವ್ರು, ಅಸಿಸ್ಟೆಂಟ್‌ಗಳು ಎಲ್ಲಾ ಗಂಟು ಮುಖ ಹಾಕ್ಕೊಂಡು ನಿಂತಿರ್ತಾರೆ. ರಾಡ್ನಿ ಡೇಂಜರ್‌ಫೀಲ್ಡ್ ಅಂತ ಅಮೆರಿಕದ ದೊಡ್ಡ ಸ್ಟ್ಯಾಂಡಪ್ ಕಾಮಿಡಿಯನ್, 1980ರಲ್ಲಿ ಬಂದ ‘ಕ್ಯಾಡಿಶ್ಯಾಕ್’ ಸಿನಿಮಾದ ಶೂಟಿಂಗ್‌ನಲ್ಲಿ ಒಳ್ಳೊಳ್ಳೇ ಪಂಚ್ ಹೊಡೆದ್ರೂ ಒಬ್ರೂ ನಗ್ತಿಲ್ಲ ಅಂತ ಕಂಗಾಲಾಗಿ, ನಾನು ಪೂರ್ತಿ ಫ್ಲಾಪ್ ಆಗ್ತಿದ್ದೀನಿ ಅಂತ ಕೊರಗ್ತಿದ್ರಂತೆ, ಕೊನೆಗೆ ಟೇಕ್ ಹಾಳಾಗುತ್ತೆ ಅಂತ ಇವರೆಲ್ಲ ನಗು ಹಿಡ್ಕೊಂಡಿದಾರೆ ಅಂತ ಬಿಡಿಸಿ ಹೇಳಬೇಕಾಯ್ತು ಅಂತ ಜೊತೆಗಿದ್ದವರು ಹೇಳ್ಕೊಂಡಿದಾರೆ. ದಶಕಗಟ್ಟಲೆ ಕ್ಲಬ್ಬುಗಳಲ್ಲಿ ಪಳಗಿದ ಮನುಷ್ಯನ ಕಥೆ ಇದು. ಮೊದಲ ಸಿನಿಮಾ ಮಾಡ್ತಿರೋ ನಿಮ್ಮ ಹೀರೋ ಕಥೆ ಏನಾಗಿರ್ಬೇಕು ಯೋಚ್ನೆ ಮಾಡಿ.

ಹಾಗಂತ ಇದಕ್ಕೆ ಮದ್ದಿಲ್ಲ ಅಂತೇನಿಲ್ಲ, ತುಂಬಾ ಹಿಂದೇನೇ ಕಂಡ್ಕೊಂಡಿದ್ರು. ಅಮೆರಿಕದ ಕಾಮಿಡಿ ತಂಡ ಮಾರ್ಕ್ಸ್ ಬ್ರದರ್ಸ್ 1935ರಲ್ಲಿ ‘ಎ ನೈಟ್ ಅಟ್ ದಿ ಒಪೆರಾ’ ಮಾಡೋ ಮುಂಚೆ ಅದರ ಮುಖ್ಯ ಸೀನ್‌ಗಳನ್ನ ಊರಿಂದೂರಿಗೆ ತಗೊಂಡು ಹೋಗಿ ಸ್ಟೇಜ್ ಮೇಲೆ ಆಡಿದ್ರು. ಎಂಜಿಎಂ ಸ್ಟುಡಿಯೋದ ನಿರ್ಮಾಪಕ ಇರ್ವಿಂಗ್ ಥಾಲ್‌ಬರ್ಗ್ ಕೊಟ್ಟ ಐಡಿಯಾ ಅದು. ಯಾವ ಜೋಕಿಗೆ ಜನ ಎಷ್ಟು ಹೊತ್ತು ನಗ್ತಾರೆ ಅಂತ ನೋಡ್ಕೊಂಡು, ನಗದಿರೋದನ್ನ ಕಿತ್ತು ಹಾಕಿ, ನಗೋ ಜಾಗದಲ್ಲಿ ಅಷ್ಟು ಗ್ಯಾಪ್ ಬಿಟ್ಟು ಆಮೇಲೆ ಶೂಟ್ ಮಾಡಿದ್ರು. ಈಗಿನವರಿಗೆ ಅಷ್ಟು ಪುರುಸೊತ್ತಿಲ್ಲ. ಹೀರೋ ಡೇಟ್ ಸಿಕ್ಕಿದೆ, ಟೂರ್ ಮಧ್ಯೆ ಗ್ಯಾಪ್ ಇದೆ, ಎಳ್ಕೊಂಡು ಬಂದು ನಿಲ್ಲಿಸಿ ಮುಗಿಸ್ಬಿಡೋಣ. ಎಡಿಟಿಂಗ್ ಟೇಬಲ್ ಮೇಲೆ ಸೀನ್ ನಗಿಸ್ತಿಲ್ಲ ಅಂತ ಗೊತ್ತಾದಾಗ ಮೂರು ರಿಯಾಕ್ಷನ್ ಶಾಟ್, ಹಿಂದೆ ಒಂದು ಟೊಯ್ಯಂಯ್ ಅನ್ನೋ ಮ್ಯೂಸಿಕ್. ಆ ಟೊಯ್ಯಂಯ್ ಕೇಳಿಸ್ತು ಅಂದ್ರೆ ಆ ಸೀನ್ ಮೇಲೆ ಮಾಡಿದವರಿಗೇ ನಂಬಿಕೆ ಇಲ್ಲ ಅಂತ ಲೆಕ್ಕ.

ಆದ್ರೆ ನನ್ನ ಕೇಳಿದ್ರೆ ಅಸಲಿ ರೋಗ ಇರೋದು ನೀವು ಕೊನೇಲಿ ಸುಮ್ನೆ ಹೇಳಿ ಬಿಟ್ರಲ್ಲ, ಆ ಹೀರೋಯಿನ್ ನಗೋದು, ಅಲ್ಲಿ. ಸ್ಟ್ಯಾಂಡಪ್ ಮಾಡೋನಿಗೆ ಸ್ಟೇಜ್ ಮೇಲೆ ಒಬ್ಬ ಎದುರಾಳಿ ಇರ್ತಾನೆ, ಪ್ರೇಕ್ಷಕ. ಕೈ ಕಟ್ಕೊಂಡು, ನಗಿಸು ನೋಡೋಣ ಅಂತ ಕೂತಿರ್ತಾನೆ. ಅವನನ್ನ ಒಲಿಸ್ಕೊಳ್ಳೋ ಜಟಾಪಟಿನೇ ಶೋ. ಸಿನಿಮಾಗೆ ಬಂದ ಕೂಡ್ಲೇ ನಿರ್ಮಾಪಕರು, ಡೈರೆಕ್ಟರು ಎಲ್ಲಾ ಸೇರಿ ಆ ಎದುರಾಳಿಯನ್ನ ತೆಗೆದುಹಾಕ್ತಾರೆ. ಹೀರೋಯಿನ್ ನಗ್ತಾಳೆ, ಫ್ರೆಂಡ್ಸ್ ನಗ್ತಾರೆ, ವಿಲನ್ ಕೂಡ ಪೆದ್ದ, ಬಾಸ್ ಪೆದ್ದ, ಪೊಲೀಸ್ ಪೆದ್ದ, ಇವನೊಬ್ಬ ಜಾಣ. ಎಲ್ರೂ ಆಗ್ಲೇ ಸೋತು ಕೂತಿದಾರೆ, ಇವನು ಯಾರ ಮೇಲೆ ಗೆಲ್ಬೇಕು?

ಸ್ಟ್ಯಾಂಡಪ್‌ನಿಂದ ಬಂದ ಎಡ್ಡಿ ಮರ್ಫಿಯ ಮೊದಲ ಸಿನಿಮಾ ‘48 ಅವರ್ಸ್’ (1982) ಸಿಕ್ಕಿದ್ರೆ ನೋಡಿ. ಅದು ಕಾಮಿಡಿ ಅಂತ ಶುರುವಾದ ಕಥೆಯೇ ಅಲ್ಲ, ಪೊಲೀಸ್-ಕಳ್ಳರ ಒರಟು ಸಿನಿಮಾ. ಅದ್ರಲ್ಲಿ ಮರ್ಫಿ ಜೈಲಿಂದ ಎರಡು ದಿನಕ್ಕೆ ಹೊರಗೆ ಬಂದ ಕೈದಿ, ಪೊಲೀಸ್ ಬ್ಯಾಡ್ಜ್ ಹಿಡ್ಕೊಂಡು, ತನ್ನನ್ನ ಕಂಡ್ರೆ ಆಗದಿರೋ ಬಿಳಿಯರೇ ತುಂಬಿರೋ ಒಂದು ಬಾರ್‌ಗೆ ನುಗ್ತಾನೆ. ಒಬ್ರ ಮುಖದಲ್ಲೂ ನಗು ಇಲ್ಲ. ಬರೀ ಬಾಯಿ ಜೋರಿನ ಮೇಲೆ ಇಡೀ ಬಾರನ್ನ ಬಗ್ಗಿಸ್ತಾನೆ. ಅದು ಹೆಕ್ಲರ್‌ಗಳೇ (ಶೋ ಮಧ್ಯೆ ಕೂಗಿ ಕಾಲೆಳೆಯೋರು) ತುಂಬಿರೋ ಶೋ ಇದ್ದ ಹಾಗೇ ಇದೆ, ಸ್ಟೇಜ್‌ನ ಸ್ಟ್ಯಾಂಡಪ್ಪನ್ನ ಸಿನಿಮಾಗೆ ತರೋದು ಅಂದ್ರೆ ಅದು. ಎರಡು ವರ್ಷ ಬಿಟ್ಟು ಬಂದ ‘ಬೆವರ್ಲಿ ಹಿಲ್ಸ್ ಕಾಪ್’ ಅಂತೂ ಮೊದಲು ಸಿಲ್ವೆಸ್ಟರ್ ಸ್ಟಾಲೋನ್ ಮಾಡ್ಬೇಕಿದ್ದ ಆ್ಯಕ್ಷನ್ ಸಿನಿಮಾ, ಆತ ಬಿಟ್ಟಿದ್ದಕ್ಕೆ ಮರ್ಫಿಗೆ ಬಂತು. ಸುತ್ತಮುತ್ತ ಎಲ್ಲಾ ಸೀರಿಯಸ್, ನಡುವೆ ಇವನೊಬ್ಬ ತರ್ಲೆ. ನಿಮ್ಮ ಸಿನಿಮಾದಲ್ಲಿ ಸುತ್ತಮುತ್ತ ಎಲ್ಲಾ ತರ್ಲೆ, ಹಾಗಾಗಿ ಇವನು ತರ್ಲೆ ಅನ್ನೋದೇ ಕಾಣಿಸಲ್ಲ.

ಪ್ರಶ್ನೆ: ನಮ್ಮ ಗುಂಪಲ್ಲಿ ಎಲ್ರೂ ನಕ್ಕರು, ನಾನೊಬ್ಳೇ ನಗ್ಲಿಲ್ಲ. ಆಮೇಲೆ ಅದೇ ಗುಂಪಿನ ಫ್ರೆಂಡ್ ಒಬ್ಬಳು ಮನೇಲಿ ಒಟಿಟಿಯಲ್ಲಿ ಇನ್ನೊಂದ್ಸಲ ನೋಡಿ ‘ಅಷ್ಟೇನೂ ಇಲ್ಲ ಕಣೇ’ ಅಂತಾಳೆ. ಇವರೆಲ್ಲ ಅವತ್ತು ಸುಳ್ಳುಸುಳ್ಳೇ ನಕ್ಕಿದ್ದಾ, ಅಥ್ವಾ ನನಗೇ ಹಾಸ್ಯಪ್ರಜ್ಞೆ ಇಲ್ವಾ?

ಉತ್ತರ: ಎರಡೂ ಅಲ್ಲ ಮೇಡಂ. ನಗುವಿನ ಮೇಲೆ ವರ್ಷಗಟ್ಟಲೆ ಸಂಶೋಧನೆ ಮಾಡಿದ ರಾಬರ್ಟ್ ಪ್ರೊವೈನ್ ಅನ್ನೋ ವಿಜ್ಞಾನಿ ಕಂಡ್ಕೊಂಡಿದ್ದು, ಮನುಷ್ಯ ಒಬ್ಬನೇ ಇರುವಾಗ ನಗೋದಕ್ಕಿಂತ ಜನರ ಜೊತೆ ಇದ್ದಾಗ ಸುಮಾರು 30 ಪಟ್ಟು ಜಾಸ್ತಿ ನಗ್ತಾನಂತೆ. ಹಾಗೆ ನಗೋದು ಜೋಕಿಗೇ ಆಗ್ಬೇಕು ಅಂತಿಲ್ಲ, ಎಷ್ಟೋ ಸಲ ಜೊತೆಯಲ್ಲಿ ಇದ್ದೀವಿ ಅನ್ನೋದಕ್ಕೆ. ಈ ಗುಟ್ಟು ಟಿವಿಯವರಿಗೆ 1950ರ ದಶಕದಲ್ಲೇ ಗೊತ್ತಿತ್ತು, ಚಾರ್ಲ್ಸ್ ಡಗ್ಲಾಸ್ ಅನ್ನೋ ಸೌಂಡ್ ಎಂಜಿನಿಯರ್ ರೆಕಾರ್ಡ್ ಮಾಡಿದ ನಗುಗಳನ್ನೇ ಒಂದು ಪೆಟ್ಟಿಗೆಯಲ್ಲಿ ತುಂಬಿಸಿ, ಕೀಲಿ ಒತ್ತಿದ್ರೆ ಬೇಕಾದ ನಗು ಬರೋ ಹಾಗೆ ಮೆಷಿನ್ ಮಾಡಿದ್ದ. ಮನೇಲಿ ಒಬ್ಬರೇ ಕೂತು ನೋಡೋರಿಗೆ ಪಕ್ಕದಲ್ಲಿ ಯಾರೋ ನಗ್ತಿದಾರೆ ಅನ್ನಿಸ್ಬೇಕಲ್ಲ, ಅದಕ್ಕೆ.

ನಿಮ್ಮ ಗುಂಪು ಅವತ್ತು ನಿಜವಾಗ್ಲೂ ನಕ್ಕಿದೆ, ಡೌಟ್ ಬೇಡ. ಒಳ್ಳೇ ಮೂಡ್, ರಜೆ ಇರ್ಬೇಕು, ಬಹಳ ದಿನದ ಮೇಲೆ ಎಲ್ರೂ ಸಿಕ್ಕಿದ್ರಿ, ಅದಕ್ಕೆ ಬಂದ ನಗುವಿನ ಕ್ರೆಡಿಟ್ ಸಿನಿಮಾ ತಗೊಂಡ್ತು. ನಿಮ್ಮ ಫ್ರೆಂಡ್ ಒಬ್ಬಳೇ ನೋಡಿದಾಗ ಸಿನಿಮಾ ತನ್ನ ಸ್ವಂತ ಸಂಪಾದನೆ ಮೇಲೆ ಬದುಕ್ಬೇಕಾಯ್ತು. ನೀವು ಯಾಕೆ ನಗ್ಲಿಲ್ಲ ಅಂದ್ರೆ, ಪತ್ರದಲ್ಲಿ ಬೇರೆ ಕಡೆ ಬರೆದಿದೀರಲ್ಲ, ಆ ಗುಂಪಲ್ಲಿ ಅವನ ಶೋಗಳನ್ನ ಪೂರ್ತಿ ನೋಡಿದವರು ನೀವೊಬ್ರೇ ಅಂತ. ಉಳಿದವರಿಗೆ ಹೊಸಾ ಜೋಕು, ನಿಮಗೆ ಹಳೇ ಜೋಕಿನ ಸಪ್ಪೆ ವರ್ಷನ್ನು. ಫ್ಯಾನ್ ಆಗಿದ್ದಕ್ಕೆ ಕಟ್ಟೋ ದಂಡ ಅದು.

ಪ್ರಶ್ನೆ: ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ ಎಲ್ಲದಕ್ಕೂ ಅವರದ್ದೇ ಹೆಸರು. ಸ್ಟೇಜ್ ಮೇಲೆ ಒಂದು ಗಂಟೆ ಒಬ್ಬರೇ ನಿಭಾಯಿಸೋರಿಗೆ ಎರಡು ಗಂಟೆ ಸಿನಿಮಾ ಬರೆಯೋಕೆ ಏನು ಕಷ್ಟ? ಸೀನ್ ಸೀನಾಗಿ ನೋಡಿದ್ರೆ ಪರವಾಗಿಲ್ಲ ಅನಿಸುತ್ತೆ, ಒಟ್ಟಿಗೆ ನೋಡಿದ್ರೆ ಬೋರು.

ಉತ್ತರ: ಮಣಿ ಎಲ್ಲಾ ಇದೆ, ದಾರ ಇಲ್ಲ. ಸ್ಪೆಷಲ್‌ನಲ್ಲಿ ಅಪ್ಪನ ಜೋಕಿಂದ ಏರ್‌ಪೋರ್ಟ್ ಜೋಕಿಗೆ ‘ಅದಿರ್ಲಿ, ಮೊನ್ನೆ ಏನಾಯ್ತು ಗೊತ್ತಾ’ ಅಂತ ಹಾರ್ಬಹುದು, ಯಾರೂ ಕೇಳಲ್ಲ, ಯಾಕಂದ್ರೆ ದಾರ ಅಂದ್ರೆ ಆ ಮನುಷ್ಯನೇ, ಅವನು ನಿಮ್ಮ ಕಣ್ಣು ನೋಡಿ ಮಾತಾಡ್ತಿದಾನೆ. ಸಿನಿಮಾದಲ್ಲಿ ಹಾಗೆ ಹಾರೋಕಾಗಲ್ಲ. ಈ ಪಾತ್ರಕ್ಕೆ ಏನೋ ಒಂದು ಬೇಕು, ಅದು ಸಿಗ್ತಿಲ್ಲ, ಸಿಗದಿದ್ರೆ ಇವನ ಗತಿ ಏನು ಅನ್ನೋದು ನಮಗೆ ಅಂಟ್ಕೋಬೇಕು. ಇಲ್ದಿದ್ರೆ ಪ್ರತಿ ಸೀನ್‌ನಲ್ಲೂ ಮತ್ತೆ ಸೊನ್ನೆಯಿಂದ ನಗಿಸ್ಬೇಕಾಗುತ್ತೆ, ನಲವತ್ತು ನಿಮಿಷ ಆಗೋ ಹೊತ್ತಿಗೆ ನಾವೂ ಸುಸ್ತು, ಅವನೂ ಸುಸ್ತು.

ಇದಕ್ಕೆ ಅಮೆರಿಕದ ಸ್ಟ್ಯಾಂಡಪ್ ಕಾಮಿಡಿಯನ್ ಜೆರ್ರಿ ಸೈನ್‌ಫೆಲ್ಡ್ ಒಳ್ಳೇ ಉದಾಹರಣೆ. ಜೋಕನ್ನ ಅಕ್ಷರ ಅಕ್ಷರ ಕೆತ್ತೋ ಮನುಷ್ಯ. ಪಾಪ್-ಟಾರ್ಟ್ ಅನ್ನೋ ತಿಂಡಿ ಬಗ್ಗೆ ಅವರ ಒಂದು ಬಿಟ್ ಇದೆ, ಬಹಳ ಚಿಕ್ಕದು, ಅದನ್ನ ಎರಡು ವರ್ಷ ತಿದ್ತಾ ಇದ್ದೀನಿ ಅಂತ 2012ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನವರ ಮುಂದೆ ಕೈಬರಹದ ಹಾಳೆಗಳನ್ನೇ ತೋರಿಸಿ ವಿವರಿಸಿದ್ರು. ಅದೇ ತಿಂಡಿ ಸುತ್ತ ತಾವೇ ನಿರ್ದೇಶನ ಮಾಡಿ, ತಾವೇ ನಟಿಸಿ 2024ರಲ್ಲಿ ‘ಅನ್‌ಫ್ರಾಸ್ಟೆಡ್’ ಅಂತ ಸಿನಿಮಾ ತಂದ್ರು. ವಿಮರ್ಶಕರು ಮೂಗು ಮುರಿದ್ರು. ಸ್ಟೇಜ್ ಮೇಲಿನ ಆ ಬಿಟ್ ಮಾತ್ರ ಈಗ ನೋಡಿದ್ರೂ ನಗು ಬರುತ್ತೆ. ಎರಡು ವರ್ಷ ಉಜ್ಜಿದ ಕೆಲವೇ ನಿಮಿಷಕ್ಕೂ, ಒಂದೂವರೆ ಗಂಟೆ ಹಿಗ್ಗಿಸಿದ ಐಡಿಯಾಗೂ ಅಷ್ಟು ವ್ಯತ್ಯಾಸ.

ತಪ್ಪು ಎಲ್ಲಿ ಅಂದ್ರೆ, ಎಲ್ಲಾ ಹೆಸರೂ ಒಂದೇ ಆಗಿದ್ದೇ ತಪ್ಪು ಅಂತೀನಿ ನಾನು. ಬೇಡ ಅನ್ನೋರು ಒಬ್ರಾದ್ರೂ ಇರ್ಬೇಕು. ವುಡಿ ಅಲೆನ್ ಕೂಡ ಸ್ಟ್ಯಾಂಡಪ್‌ನಿಂದ ಬಂದವರೇ, 1977ರ ‘ಆ್ಯನಿ ಹಾಲ್’ ಮೊದಲು ಎರಡು ಗಂಟೆಗೂ ಜಾಸ್ತಿ ಇತ್ತು, ಸಿಕ್ಕಸಿಕ್ಕಲ್ಲಿ ಹರಿದಾಡ್ತಿತ್ತು, ರಾಲ್ಫ್ ರೋಸನ್‌ಬ್ಲಮ್ ಅನ್ನೋ ಎಡಿಟರ್ ಜೊತೆ ಕೂತು ಕತ್ತರಿಸ್ತಾ ಕತ್ತರಿಸ್ತಾ ಹೋದಾಗ ಒಳಗಿದ್ದ ಪ್ರೇಮಕಥೆ ಮೇಲೆ ಬಂತು, ಕೊನೆಗೆ ಉಳಿದಿದ್ದು 93 ನಿಮಿಷ, ಆ ವರ್ಷದ ಅತ್ಯುತ್ತಮ ಚಿತ್ರದ ಆಸ್ಕರ್ ಅದಕ್ಕೇ. ಬಿಸಾಕಿದ ಅಷ್ಟೂ ಸೀನ್‌ಗಳಲ್ಲಿ ಒಳ್ಳೇ ಜೋಕುಗಳಿದ್ವು ಅನ್ನೋದನ್ನ ಮರೀಬೇಡಿ. ಈಗಿನ ಸ್ಟಾರ್ ಕಾಮಿಡಿಯನ್‌ಗೆ ಎಡಿಟಿಂಗ್ ರೂಮಲ್ಲಿ ‘ಸರ್, ಇದು ಬೇಡ’ ಅಂತ ಯಾರು ಹೇಳ್ತಾರೆ? ಹೇಳೋರಿಗೆ ಮುಂದಿನ ಸಿನಿಮಾ ಇರಲ್ಲ.

ಹಾಗಂತ ತಾವೇ ಬರೆದು ತಾವೇ ಮಾಡ್ಲೇಬಾರ್ದು ಅಂತಲ್ಲ. ಸ್ಟ್ಯಾಂಡಪ್ ಕಾಮಿಡಿಯನ್ ಕ್ರಿಸ್ ರಾಕ್ 2014ರಲ್ಲಿ ‘ಟಾಪ್ ಫೈವ್’ ತಾವೇ ಬರೆದು, ನಿರ್ದೇಶಿಸಿ, ನಟಿಸಿದ್ರು, ಚೆನ್ನಾಗಿತ್ತು. ಅದ್ರಲ್ಲಿ ಅವರ ಪಾತ್ರ ಏನು ಗೊತ್ತಾ, ಇನ್ಮೇಲೆ ಕಾಮಿಡಿ ಮಾಡಲ್ಲ ಅಂತ ಹಠ ಹಿಡಿದಿರೋ ಕಾಮಿಡಿಯನ್. ನಗಿಸೋಕೆ ಇಷ್ಟ ಇಲ್ಲದೋನನ್ನ ನಡುವೆ ನಿಲ್ಲಿಸಿದ್ರು, ಎದುರಾಳಿ ಒಳಗೇ ಸಿಕ್ಕಿಬಿಟ್ಟ.

ಪ್ರಶ್ನೆ: ಟ್ರೇಲರ್ ನೋಡಿ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ದೆ. ಸಿನಿಮಾದಲ್ಲಿ ಅದನ್ನ ಬಿಟ್ರೆ ಇನ್ನೇನೂ ಇಲ್ಲ. ಇದು ಮೋಸ ಅಲ್ವಾ?

ಉತ್ತರ: ಮೋಸ ಅಂತ ಕೇಸ್ ಹಾಕೋಕಾಗಲ್ಲ, ತೋರಿಸಿದ್ದೆಲ್ಲ ಸಿನಿಮಾದಲ್ಲಿ ಇದೆಯಲ್ಲ. ಟ್ರೇಲರ್ ಎರಡು-ಎರಡೂವರೆ ನಿಮಿಷ, ಸೆಟಪ್, ಪಂಚ್, ಕಟ್, ಸೆಟಪ್, ಪಂಚ್, ಕಟ್, ಅದು ಹೆಚ್ಚು ಕಡಿಮೆ ಸ್ಟ್ಯಾಂಡಪ್‌ನ ಲಯವೇ, ನಿಮ್ಮ ಕಾಮಿಡಿಯನ್ ಗೆಲ್ಲೋ ಮೈದಾನ. ಒಂದು ಸಣ್ಣ ಪರೀಕ್ಷೆ ಹೇಳ್ತೀನಿ, ಮುಂದಿನ ಸಲ ಟ್ರೇಲರ್ ಬಂದಾಗ ನಗಿಸೋ ಮಾತು ಬರೀ ಅವನ ಬಾಯಲ್ಲೇ ಬರ್ತಿದ್ಯಾ, ಬೇರೆ ಪಾತ್ರಗಳೂ ಒಂದೆರಡು ನಗು ತಗೋತಿದ್ಯಾ ಅಂತ ನೋಡಿ. ಬರೀ ಅವನೇ ಆದ್ರೆ ಒಟಿಟಿಗೆ ಬರೋವರೆಗೂ ತಡ್ಕೊಳ್ಳಿ.

ಪ್ರಶ್ನೆ: ಇಷ್ಟು ಕೆಟ್ಟ ಸಿನಿಮಾ ಮಾಡಿದ ಮೇಲೆ ಅವರ ಕರಿಯರ್ ಮುಗಿದ ಹಾಗೇನಾ? ನನಗೆ ನಿಜವಾಗ್ಲೂ ಭಯ ಆಗ್ತಿದೆ.

ಉತ್ತರ: ಭಯ ಬಿಡಿ. ಮತ್ತೆ ಎಡ್ಡಿ ಮರ್ಫಿನೇ ಬರ್ತಾರೆ. 2002ರಲ್ಲಿ ‘ದಿ ಅಡ್ವೆಂಚರ್ಸ್ ಆಫ್ ಪ್ಲೂಟೋ ನ್ಯಾಶ್’ ಅಂತ ಸಿನಿಮಾ ಬಂತು, ಖರ್ಚು ಸುಮಾರು 10 ಕೋಟಿ ಡಾಲರ್, ಪ್ರಪಂಚದಾದ್ಯಂತ ಬಂದಿದ್ದು 70 ಲಕ್ಷ ಡಾಲರ್ ಆಸುಪಾಸು. ಸೊನ್ನೆ ತಪ್ಪಿ ಹೋಗಿಲ್ಲ, ಸರಿಯಾಗೇ ಓದಿದ್ರಿ. ಸಿನಿಮಾ ಇತಿಹಾಸದ ಮಹಾ ಸೋಲುಗಳ ಪಟ್ಟಿಯಲ್ಲಿ ಇವತ್ತಿಗೂ ಅದಕ್ಕೆ ಜಾಗ ಇದೆ. ನಾಲ್ಕು ವರ್ಷ ಆದ್ಮೇಲೆ ಅದೇ ಮನುಷ್ಯ ‘ಡ್ರೀಮ್‌ಗರ್ಲ್ಸ್’ನಲ್ಲಿ ಪೋಷಕ ಪಾತ್ರ ಮಾಡಿ ಗೋಲ್ಡನ್ ಗ್ಲೋಬ್ ತಗೊಂಡ್ರು, ಆಸ್ಕರ್‌ಗೂ ನಾಮಿನೇಟ್ ಆದ್ರು.

ಇನ್ನೊಬ್ಬ ಕಾಮಿಡಿಯನ್ ಆ್ಯಡಮ್ ಸ್ಯಾಂಡ್ಲರ್ ಕಥೆ ಇನ್ನೂ ಮಜಾ. 2011ರ ‘ಜ್ಯಾಕ್ ಆ್ಯಂಡ್ ಜಿಲ್’ನಲ್ಲಿ ಅಣ್ಣನೂ ತಾನೇ, ಅವಳಿ ತಂಗಿಯೂ ತಾನೇ. ಕೆಟ್ಟ ಸಿನಿಮಾಗಳಿಗೆ ಕೊಡೋ ರಾಝಿ ಪ್ರಶಸ್ತಿಯಲ್ಲಿ ಆ ವರ್ಷ ಇದ್ದ ಹತ್ತಕ್ಕೆ ಹತ್ತೂ ವಿಭಾಗ ಗುಡಿಸ್ಕೊಂಡು ಹೋಯ್ತು, ಆದ್ರೂ ದುಡ್ಡಿಗೇನೂ ಬರ ಬರ್ಲಿಲ್ಲ. ಅದೇ ಸ್ಯಾಂಡ್ಲರ್‌ನ 2019ರ ‘ಅನ್‌ಕಟ್ ಜೆಮ್ಸ್’ನಲ್ಲಿ ನೋಡಿ, ಸಾಲದಲ್ಲಿ ಮುಳುಗಿದ ಜೂಜುಕೋರ, ಉಸಿರು ಕಟ್ಟೋ ಹಾಗೆ ಮಾಡಿದಾರೆ. ನಮ್ಮಲ್ಲೂ ಕಪಿಲ್ ಶರ್ಮಾ ನಂದಿತಾ ದಾಸ್ ಅವರ ‘ಜ್ವಿಗಾಟೊ’ದಲ್ಲಿ ಫುಡ್ ಡೆಲಿವರಿ ಮಾಡೋನ ಪಾತ್ರ ಮಾಡಿದ್ರು, ಟಿವಿಯಲ್ಲಿ ನೋಡೋ ಕಪಿಲ್ ಅಲ್ಲಿ ಹುಡುಕಿದ್ರೂ ಸಿಗಲ್ಲ. ಕಾಮಿಡಿಯನ್‌ಗಳು ಸೀರಿಯಸ್ ಪಾತ್ರದಲ್ಲಿ ಚೆನ್ನಾಗಿ ಮಾಡೋದು ಯಾಕೆ ಅಂತ ಎಲ್ರೂ ಆಶ್ಚರ್ಯ ಪಡ್ತಾರೆ, ನನಗೇನೂ ಆಶ್ಚರ್ಯ ಇಲ್ಲ. ರಾತ್ರಿ ರಾತ್ರಿ ಅಪರಿಚಿತರ ಮುಂದೆ ಸೋಲೋ ಭಯ ಹೊತ್ಕೊಂಡು ನಿಂತವರು ಅವರು, ಆತಂಕ ಅನ್ನೋದನ್ನ ಅವರಿಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ. ಕಾಮಿಡಿ ಸಿನಿಮಾದಲ್ಲೇ ಆ ಭಯವನ್ನ ಯಾರೂ ಬಳಸಿಕೊಳ್ಳಲ್ಲ ಅನ್ನೋದು ವಿಚಿತ್ರ.

ಪ್ರಶ್ನೆ: ಸಿನಿಮಾ ನೋಡೋಕೆ ಮುಂಚೆನೇ ಅವರ ಮುಂದಿನ ಲೈವ್ ಶೋಗೆ ಟಿಕೆಟ್ ಬುಕ್ ಮಾಡಿದ್ದೆ. ಈಗ ಮನಸ್ಸೇ ಇಲ್ಲ. ಮಾರ್ಬಿಡ್ಲಾ?

ಉತ್ತರ: ಹುಚ್ಚಾ ನಿಮಗೆ? ಸಿನಿಮಾ ಸೋತ ಕಾಮಿಡಿಯನ್‌ನ ಶೋಗಿಂತ ಒಳ್ಳೇ ಶೋ ಇನ್ಯಾವುದಿದೆ. ಆ ಸೋಲಿನ ಬಗ್ಗೆನೇ ಹದಿನೈದು ನಿಮಿಷ ಬಿಟ್ ರೆಡಿ ಮಾಡ್ಕೊಂಡಿರ್ತಾನೆ. ಮಾರೋದೇ ಆದ್ರೆ ನನಗೆ ಹೇಳಿ.

ಪ್ರಶ್ನೆ: ಸರ್, ನಾನು ಓಪನ್ ಮೈಕ್ (ಯಾರು ಬೇಕಾದ್ರೂ ಬಂದು ಜೋಕು ಹೇಳೋ ಶೋ) ಮಾಡ್ತೀನಿ, ಚಿಕ್ಕ ಮಟ್ಟಿಗೆ ಜನ ಗುರುತಿಸ್ತಾರೆ. ಫ್ರೆಂಡ್ಸ್ ಸೇರಿ ಇಪ್ಪತ್ತು ನಿಮಿಷದ ಕಾಮಿಡಿ ಶಾರ್ಟ್ ಫಿಲಂ ಮಾಡೋಣ ಅಂತಿದಾರೆ, ನಾನೇ ಹೀರೋ, ಸ್ಕ್ರಿಪ್ಟೂ ನಂದೇ. ನನ್ನ ಬೆಸ್ಟ್ ಐದು ಜೋಕುಗಳನ್ನ ಸೀನ್ ಮಾಡಿ ಬರೆದಿದ್ದೀನಿ. ಇತ್ತೀಚಿನ ಆ ಸಿನಿಮಾ ನೋಡಿದ ಮೇಲೆ ಕೈಕಾಲು ಆಡ್ತಿಲ್ಲ. ನಾನೂ ಅದೇ ಗುಂಡಿಗೆ ಬೀಳ್ತಿದ್ದೀನಾ?

ಉತ್ತರ: ಬೀಳ್ತಿದ್ದೀರಿ, ಆದ್ರೆ ಇನ್ನೂ ಶೂಟ್ ಆಗಿಲ್ವಲ್ಲ, ಬಚಾವ್.

ಆ ಐದು ಜೋಕು ಪಕ್ಕಕ್ಕಿಡಿ. ಅವು ಸ್ಟೇಜ್‌ಗೇ ಇರ್ಲಿ, ಅಲ್ಲಿ ದುಡೀತಿವೆ. ಬದಲಿಗೆ ಆ ಐದೂ ಜೋಕು ಹೇಳೋ ಮನುಷ್ಯ ಎಂಥವನು ಅಂತ ನೋಡ್ಕೊಳ್ಳಿ, ಜಿಪುಣಾನಾ, ಪುಕ್ಕಲಾನಾ, ಎಲ್ಲದಕ್ಕೂ ಮೂಗು ತೂರಿಸೋನಾ. ಸ್ಟೇಜ್ ಮೇಲೆ ನೀವು ಆಡೋ ಆ ವ್ಯಕ್ತಿನೇ ನಿಮ್ಮ ನಿಜವಾದ ಬಂಡವಾಳ, ಜೋಕುಗಳು ಅವನ ಬಡ್ಡಿ. ಅವನನ್ನ ತಗೊಂಡು ಹೋಗಿ, ಅವನ ಬುದ್ಧಿಗೆ ಒಂಚೂರೂ ಹೊಂದದ ಒಂದು ಸೀರಿಯಸ್ ಜಾಗದಲ್ಲಿ ಸಿಕ್ಕಿಸಿ. ಪುಕ್ಕಲ ಆಗಿದ್ರೆ ಅವನೇ ಸಾಕ್ಷಿ ಹೇಳಬೇಕಾದ ಕೇಸು. ಎದುರಿಗಿರೋರು ಯಾರೂ ತಾವು ಕಾಮಿಡಿ ಸಿನಿಮಾದಲ್ಲಿದೀವಿ ಅಂತ ಗೊತ್ತಿಲ್ಲದ ಹಾಗೆ ಮಾತಾಡ್ಬೇಕು. ನಿಮ್ಮ ಜೋಕಿಗೆ ಸಿನಿಮಾದೊಳಗಿನ ಪಾತ್ರ ಯಾವುದಾದ್ರೂ ನಗ್ತಿದೆ ಅಂದ್ರೆ ಆ ಲೈನ್‌ಗೆ ಕೆಂಪು ಗೀಟು ಹಾಕಿ.

ಆಮೇಲೆ ಸ್ಕ್ರಿಪ್ಟ್ ಕೈಲಿ ಹಿಡ್ಕೊಂಡು ಓಪನ್ ಮೈಕ್‌ಗೆ ಬರೋ ಹತ್ತು ಜನರನ್ನ ಕೂರಿಸಿ ಜೋರಾಗಿ ಓದಿಸಿ, ನೀವು ಓದ್ಬೇಡಿ, ಇದು ಮುಖ್ಯ, ನೀವು ಓದಿದ್ರೆ ನಿಮ್ಮ ಟೈಮಿಂಗ್‌ನಿಂದ ಕೆಟ್ಟ ಲೈನೂ ನಗಿಸ್ಬಿಡುತ್ತೆ. ಬೇರೆಯವ್ರು ಓದ್ಲಿ, ನೀವು ಮೂಲೇಲಿ ಕೂತು ಎಲ್ಲಿ ನಗು ಬಂತು ಅಂತ ಟಿಕ್ ಹಾಕ್ತಾ ಹೋಗಿ. ಮಾರ್ಕ್ಸ್ ಬ್ರದರ್ಸ್ ಮಾಡಿದ್ದು ಇದನ್ನೇ, ನಿಮ್ಮದು ಸ್ವಲ್ಪ ಬಡವರ ಆವೃತ್ತಿ. ಶೂಟಿಂಗ್ ದಿನ ಯಾರೂ ನಗಲ್ಲ, ಅದಕ್ಕೆ ಈಗ್ಲೇ ರೆಡಿಯಾಗಿ. ಅವರು ನಗ್ಲಿ ಅಂತ ಟೇಕ್‌ನಿಂದ ಟೇಕ್‌ಗೆ ಧ್ವನಿ ಏರಿಸ್ತಾ, ಕಣ್ಣು ಅರಳಿಸ್ತಾ ಹೋಗ್ತಾರೆ ನೋಡಿ ಸ್ಟೇಜಿಂದ ಬಂದವರು, ಐದನೇ ಟೇಕ್ ಹೊತ್ತಿಗೆ ಕಾರ್ಟೂನ್ ಆಗಿರುತ್ತೆ. ಕ್ಯಾಮೆರಾ ನಿಮ್ಮ ಮುಖದಿಂದ ಮೂರಡಿ ದೂರದಲ್ಲಿದೆ, ಕೊನೇ ಸಾಲಿನವರಿಗೆ ಕಾಣಿಸೋ ಹಾಗೆ ಹುಬ್ಬು ಏರಿಸೋ ಅಗತ್ಯ ಇಲ್ಲ.

‘ದಿ ಬಿಗ್ ಸಿಕ್’ (2017) ನೋಡಿಲ್ಲ ಅಂದ್ರೆ ನೋಡಿ. ಕುಮೈಲ್ ನಂಜಿಯಾನಿ ಸ್ಟ್ಯಾಂಡಪ್ ಕಾಮಿಡಿಯನ್, ಹೆಂಡತಿ ಎಮಿಲಿ ಗಾರ್ಡನ್ ಜೊತೆ ಸೇರಿ ತಮ್ಮದೇ ಕಥೆ ಬರೆದ್ರು, ಪ್ರೀತಿಸಿದ ಹುಡುಗಿ ಐಸಿಯು ಸೇರೋದು, ಅವಳ ಅಪ್ಪ ಅಮ್ಮನ ಜೊತೆ ಇವನು ಆಸ್ಪತ್ರೆಯಲ್ಲಿ ಕೂರೋದು. ಚಿತ್ರಕಥೆಗೆ ಆಸ್ಕರ್ ನಾಮಿನೇಷನ್ ಬಂತು. ಅದ್ರಲ್ಲಿ ಅವನು ಸ್ಟೇಜ್ ಮೇಲೆ ನಿಂತು ಜೋಕು ಹೇಳಕ್ಕಾಗ್ದೆ ಒಡೆದು ಹೋಗೋ ಸೀನ್ ಇದೆ. ತಾನು ಎಷ್ಟು ಚೆನ್ನಾಗಿ ನಗಿಸ್ತೀನಿ ಅಂತ ತೋರಿಸ್ಕೊಳ್ಳೋಕೆ ಸಿಕ್ಕ ಅವಕಾಶದಲ್ಲಿ ಕಾಮಿಡಿಯನ್ ತಾನು ಸೋಲೋದನ್ನ ತೋರಿಸ್ತಾನೆ, ಅಷ್ಟು ಧೈರ್ಯ ನಿಮ್ಮ ಸ್ಕ್ರಿಪ್ಟ್‌ನಲ್ಲಿ ಎಲ್ಲಾದ್ರೂ ಇದ್ಯಾ ಹುಡುಕಿ. ಮುಗಿದ ಮೇಲೆ ಲಿಂಕ್ ಕಳ್ಸಿ, ನೋಡ್ತೀನಿ, ಒಬ್ಬನೇ ಕೂತು.

ಪ್ರಶ್ನೆ: ಎಲ್ಲಾ ಟೈಟಲ್ ಕಾರ್ಡ್ ಮುಗಿದ ಮೇಲೆ ಪಾರ್ಟ್ 2ಗೆ ಸುಳಿವು ಕೊಟ್ಟಿದಾರೆ. ಇಷ್ಟಾದ್ಮೇಲೂ ಪಾರ್ಟ್ 2 ಯಾರಿಗೋಸ್ಕರ ಸರ್?

ಉತ್ತರ: ಟೈಟಲ್ ಕಾರ್ಡ್ ಪೂರ್ತಿ ಮುಗಿಯೋವರೆಗೂ ಕೂತಿದ್ರಲ್ಲ, ನಿಮಗೋಸ್ಕರಾನೇ.